ಪಟದ ಲಕ್ಷ್ಮಿಗೆ ಸೀರೆ ಉಡಿಸಿದವರು

ಹಿಂದಿನ ರಟ್ಟಿಗೆ ಬಡಿದಿದ್ದ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಗಾಜನ್ನು ಮೆಲ್ಲಗೆ ಎತ್ತಿಟ್ಟರು ಮೈಸೂರಿನ ಆ ಹಿರಿಯರು. ದೇವರ ಪಟಗಳಿಗೆ ಕಟ್ಟು ಹಾಕುತ್ತಲೇ ತಲೆ ನರೆತವರು. ವರಮಹಾಲಕ್ಷ್ಮಿ ಹಬ್ಬದೊಳಗೆ ಹೊಸ ಕಟ್ಟು ಹಾಕಿಸೋಣವೆಂದು ನಾನು ಒಯ್ದಿದ್ದದ್ದು ಅಜ್ಜಿಯ ಕಾಲದ ಲಕ್ಷ್ಮಿ ಪಟ.

‘ನೋಡಿ ತಾಯಿ, ಬಣ್ಣ ಪ್ರೆಸ್ಸಿಂದು, ಸೀರೆ ನಿಮ್ಮಜ್ಜಿದು’ ಎಂದರು.

ಅಲ್ಲಿಯವರೆಗೆ ನಾನು ಗಾಜಿನಾಚೆಯಿಂದಷ್ಟೇ ಕೈ ಮುಗಿದವಳು. ಈಗ ಹತ್ತಿರದಿಂದ ನೋಡಿದೆ. ಕಮಲದ ಮೇಲೆ ನಿಂತ ಚತುರ್ಭುಜೆ, ಪಕ್ಕದಲ್ಲಿ ಹಾರ ಹಿಡಿದ ಆನೆ. ಮುಖ, ಕೈ, ಪಾದಗಳು ಮಾತ್ರ ಕಾಗದ, ಉಳಿದದ್ದೆಲ್ಲ ಬಟ್ಟೆ. ಯಾವುದೋ ಹಳೆಯ ರೇಷ್ಮೆ ಸೀರೆಯ ಕೆಂಪು ತುಂಡನ್ನು ಚಿತ್ರದ ನೆರಿಗೆ ಹೇಗೆ ಇಳಿದಿದೆಯೋ ಹಾಗೇ ಕತ್ತರಿಸಿ ಅಂಟಿಸಿದ್ದಾರೆ. ಅಂಚಿಗೆ ಸರಿಗೆ. ಕಿರೀಟಕ್ಕೆ ಗಾಜಿನ ಮಣಿ. ಸೆರಗಿನ ತುಂಬ ಚಮ್ಕಿ. ಒಂದೊಂದು ಚಮ್ಕಿಯ ನಡುವೆಯೂ ಸಾಸಿವೆ ಗಾತ್ರದ ಮಣಿ ಕೂರಿಸಿ ಹೊಲಿಗೆ. ಪಟ ಮಗುಚಿದರೆ ಸೂಜಿಯ ತೂತುಗಳು, ದಾರದ ಗಂಟುಗಳು. ಎಡಗಡೆ ನಾಲ್ಕು ಬೆರಳಷ್ಟು ಅಂಚಿಗೆ ಸರಿಗೆಯೇ ಇಲ್ಲ. ಸಾಲದೆ ಬಂದಿರಬೇಕು. ಹೊಲಿದವರ ಹೆಸರು, ತಾರೀಕು ಎಲ್ಲೂ ಇಲ್ಲ.

ಮುಖ ಮುಚ್ಚದೆ ಮೈಯಷ್ಟನ್ನೇ ಸಿಂಗರಿಸುವುದು ಈ ಕೆಲಸದ ಕಟ್ಟುಪಾಡು ಎಂದರು ಹಿರಿಯರು. ಮಣಿಗಳು ಗಾಜಿಗೆ ತಾಗದಿರಲೆಂದು ಚೌಕಟ್ಟಿನೊಳಗೆ ಮರದ ಪಟ್ಟಿ ಕೊಟ್ಟು ಎತ್ತರಿಸುತ್ತಿದ್ದರಂತೆ.

ಅಚ್ಚಿನ ದೇವರು ಮನೆಮನೆಗೆ ಬಂದ ಕಥೆ ದೊಡ್ಡದು. ಅದಕ್ಕೆ ಮೊದಲು ಉಬ್ಬು ಕೆಲಸದ ಮೇಲೆ ಚಿನ್ನದ ರೇಕು ಕೂರಿಸಿದ ಮೈಸೂರು, ತಂಜಾವೂರು ಶೈಲಿಯ ಚಿತ್ರಗಳು ಅರಮನೆ, ಮಠ, ಉಳ್ಳವರ ಮನೆಗಳಲ್ಲಿದ್ದವು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರು ಬಡವರ ಗೋಡೆಗೂ ಇಳಿದರು. ಗುಡಿಯೊಳಗೆ ಪ್ರವೇಶವಿಲ್ಲದವರ ಮನೆಗೂ ದೇವರು ಬಂದದ್ದು ಇದೇ ದಾರಿಯಲ್ಲಿ. ಮುದ್ರಣಾಲಯ ಆಮೇಲೆ ಲೋನಾವಳ ಹತ್ತಿರದ ಮಳವಲಿಗೆ ಹೋಯಿತು. ಜರ್ಮನಿಯ ಫ್ರಿಟ್ಸ್ ಶ್ಲೈಶರ್ ಕೈಸೇರಿತು. 1972ರಲ್ಲಿ ಬೆಂಕಿಗೆ ಸಿಕ್ಕಿತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ರವಿವರ್ಮ ಬರೆದ ಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ.

ಆಗಿನದು ಕಲ್ಲಚ್ಚು. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬರೆದು ಕಲ್ಲನ್ನು ತೇವ ಮಾಡಿದರೆ, ಬಣ್ಣ ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ. ಒಂದು ಬಣ್ಣಕ್ಕೆ ಒಂದು ಕಲ್ಲು. ಕೂದಲೆಳೆಯಷ್ಟು ಆಚೀಚೆಯಾದರೂ ದೇವಿಯ ತುಟಿ ಕೆನ್ನೆಗೆ ಜಾರುತ್ತದೆ. ಕೊನೆಗೆ ತೈಲಚಿತ್ರದಂತೆ ಹೊಳೆಯಲೆಂದು ವಾರ್ನಿಷ್.

ಆಮೇಲೆ ಕೋವಿಲ್‌ಪಟ್ಟಿಯ ಕೊಂಡಯ್ಯ ರಾಜು ಮತ್ತವರ ಶಿಷ್ಯರು ಬರೆದ ದೇವತೆಗಳು ಶಿವಕಾಶಿಯಲ್ಲಿ ಅಚ್ಚಾಗಿ ಕ್ಯಾಲೆಂಡರಿಗೆ ಬಂದರು. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರಿನಲ್ಲಿ ಪಳಗಿದ ಕುಂಚದಿಂದ ಪುರಾಣ ಪಾತ್ರಗಳಿಗೆ ಮಾಂಸಖಂಡ, ಬೆಳಕು ತುಂಬಿದರು. ಈಗ ಹಬ್ಬದ ಹಿಂದಿನ ದಿನ ಫ್ಲೆಕ್ಸ್ ಬರುತ್ತದೆ, ಬೆಳಗಾಗುತ್ತಲೇ ಮೊಬೈಲಿಗೆ ನೂರು ಲಕ್ಷ್ಮಿಯರು ಬರುತ್ತಾರೆ. ಯಾವುದಕ್ಕೂ ಸೂಜಿ ದಾರ ಬೇಡ.

ಚಿತ್ರ ಬರೆದವರ, ಅಚ್ಚು ಹಾಕಿದವರ ಹೆಸರು ಪಟದಡಿಯಲ್ಲಿ ಉಳಿಯಿತು. ಆದರೆ ಸಾವಿರ ಪ್ರತಿಗಳಲ್ಲಿ ಒಂದನ್ನು ತಮ್ಮ ಮನೆಯ ದೇವರಾಗಿ ಮಾಡಿಕೊಂಡವರು, ಅಡುಗೆಮನೆ ಕೆಲಸ ಮುಗಿಸಿ ಮಧ್ಯಾಹ್ನದ ಬೆಳಕಿನಲ್ಲಿ ಸೂಜಿ ಹಿಡಿದ ಹೆಂಗಸರು. ನನಗೆ ಅವರೂ ಅಷ್ಟೇ ದೊಡ್ಡ ಕಲಾವಿದರು.

‘ಇಂಥ ಪಟ ಹೊಸದಾಗಿ ಮಾಡಿಸೋರು ಯಾರೂ ಬರಲ್ಲ. ಹಳೇದು ಅರಳಿಕಟ್ಟೆ ಸೇರ್ತಾ ಇದೆ’ ಎಂದರು ಹಿರಿಯರು. ಗಾಜು ಒಡೆದ, ಗೆದ್ದಲು ಮುಟ್ಟಿದ ದೇವರುಗಳನ್ನು ಊರೂರ ಅರಳಿಮರದ ಬುಡದಲ್ಲಿ ನಾವೆಲ್ಲ ನೋಡಿದ್ದೇವೆ.

ಈ ಹಬ್ಬಕ್ಕೆ ಮನೆ ಸಾರಿಸುವಾಗ ಹಳೆಯ ಪಟ ಕೈಗೆ ಸಿಕ್ಕರೆ ಹೊರಗಿಡುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಜರಿ, ಚಮ್ಕಿ ಕಂಡರೆ ಒದ್ದೆ ಬಟ್ಟೆ ತಾಗಿಸಬೇಡಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಮನೆಯ ಹಿರಿಯರನ್ನು ಕೇಳಿ, ಸೀರೆ ಉಡಿಸಿದವರ ಹೆಸರನ್ನು ಹಿಂದಿನ ರಟ್ಟಿನ ಮೇಲೆ ಬರೆದಿಡಿ. ನಮ್ಮ ಪಟದ ಹಿಂದೆ ನಾನು ಅಜ್ಜಿಯ ಹೆಸರು ಬರೆದಿದ್ದೇನೆ. ಸರಿಗೆಯಿಲ್ಲದ ಆ ನಾಲ್ಕು ಬೆರಳು ಜಾಗವನ್ನು ಹಾಗೇ ಬಿಟ್ಟಿದ್ದೇನೆ.