ಕಿತ್ತಿಪುರ ಸಿಕ್ಕಿದ ದಾರಿ

ಕಿತ್ತೂರು ಎಂದೊಡನೆ ನಮಗೆ ನೆನಪಾಗುವುದು ರಾಣಿ ಚೆನ್ನಮ್ಮನ ಊರು. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ವಯನಾಡಿನ ಗಡಿಗೆ ಹತ್ತಿರದಲ್ಲಿ, ಕಬಿನಿ ಎಂದೂ ಕರೆಯುವ ಕಪಿಲೆಯ ದಡದ ಮೇಲೆ ಇನ್ನೊಂದು ಕಿತ್ತೂರಿತ್ತು. ಚೆನ್ನಮ್ಮ ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಮೊದಲೇ ಅದೊಂದು ರಾಜಧಾನಿ. ಆ ಸಂಗತಿ ಬೆಳಕಿಗೆ ಬಂದ ಬಗೆ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅದನ್ನು ಕಂಡುಹಿಡಿದುಕೊಟ್ಟದ್ದು ಗುದ್ದಲಿಯಲ್ಲ, ಊರಿನ ಹೆಸರು.

ಪುನ್ನಾಟವೆಂಬ ರಾಜ್ಯವೊಂದಿತ್ತು ಎಂಬುದು ಹಳೆಯ ಬರಹಗಳಲ್ಲಿ ಅಲ್ಲಲ್ಲಿ ಸಿಕ್ಕುತ್ತಿತ್ತು. 2ನೇ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ 'ಪೌನ್ನಾಟ'ವನ್ನು ಹೆಸರಿಸಿ, ಅಲ್ಲಿ ಬೆರಿಲ್ ಹರಳು ದೊರೆಯುತ್ತದೆ ಎಂದ. 783ರಲ್ಲಿ ಹರಿವಂಶಪುರಾಣ ಬರೆದು ಮುಗಿಸಿದ ಜಿನಸೇನ ಪುನ್ನಾಟ ಸಂಘದ ಮುನಿ. ಭದ್ರಬಾಹುವಿನ ಕಾಲದಲ್ಲಿ ಜೈನ ಮುನಿಗಳು ಬಂದು ಸೇರಿದ್ದು ಪುನ್ನಾಟ ಸೀಮೆಗೆ ಎಂದು 931ರ ಬೃಹತ್ಕಥಾಕೋಶದಲ್ಲಿ ಹರಿಷೇಣ ಹೇಳುತ್ತಾನೆ. ಗಂಗರ ತಾಮ್ರಪಟಗಳಲ್ಲಂತೂ ನಂಟಸ್ತಿಕೆಯೇ ಇದೆ: ಅವಿನೀತ ಮದುವೆಯಾದದ್ದು ಪುನ್ನಾಟದ ಸ್ಕಂದವರ್ಮನ ಮಗಳನ್ನು, ಅವರ ಮಗನೇ ದುರ್ವಿನೀತ. ತಾಯಿಯ ತವರು ದುರ್ವಿನೀತನ ಕಾಲಕ್ಕೆ ಗಂಗರ ಕೈಸೇರಿತು. ಇಷ್ಟೆಲ್ಲ ತಿಳಿದರೂ ಆ ತವರಿನ ರಾಜಧಾನಿ ಯಾವುದೆಂಬುದು ಇವುಗಳಿಂದ ತಿಳಿಯುವಂತಿರಲಿಲ್ಲ.

ಸುಳಿವು ಸಿಕ್ಕಿದ್ದು ದೂರದಲ್ಲಿ, ಆಗಿನ ಕೊಯಮತ್ತೂರು ಜಿಲ್ಲೆಯ ಕೊಮರಲಿಂಗದಲ್ಲಿ. ಅಲ್ಲಿನ ತಾಮ್ರಪಟವನ್ನು ಜೆ.ಎಫ್. ಫ್ಲೀಟ್ 1889ರಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದರು. ದಾನ ಕೊಟ್ಟವನು ಪುನ್ನಾಟದ ದೊರೆ ರವಿದತ್ತ. ಕೊಟ್ಟಾಗ ಅವನಿದ್ದ ಜಾಗದ ಹೆಸರು ಕಿತ್ತಿಪುರ. ಮಾಂಬಳ್ಳಿಯಲ್ಲಿ ದೊರೆತ ತಾಮ್ರಪಟವೂ ಇದೇ ವಂಶದ್ದು. ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂಬ ರಾಜರ ಸಾಲು ಹೀಗೆ ಕೂಡಿಬಂತು. ಬೆರಿಲ್‌ಗೆ ಹೆಸರಾದ ಪಡಿಯೂರು ಕೂಡ ಆ ಕೊಯಮತ್ತೂರು ಸೀಮೆಯದೇ ಎಂಬುದನ್ನು ಇಲ್ಲಿ ನೆನೆಯಬೇಕು. ಟಾಲೆಮಿಯ ಮಾತಿಗೆ ಇದರಿಂದ ತೂಕ ಬರುತ್ತದೆ.

ಇನ್ನು ಕಿತ್ತಿಪುರ ಎಲ್ಲಿ? ಉತ್ತರ ಕೊಟ್ಟವರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರು ಮೈಸೂರು ಸಂಸ್ಥಾನದ ಸುಮಾರು 9 ಸಾವಿರ ಶಾಸನಗಳನ್ನು ಓದಿಸಿ, ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚು ಹಾಕಿಸಿದವರು. ಸಂಸ್ಥಾನದ ಊರೂರ ಹೆಸರು ಅವರಿಗೆ ಪರಿಚಿತ. ಕೀರ್ತಿ ಎಂಬುದು ಪ್ರಾಕೃತದಲ್ಲಿ ಕಿತ್ತಿಯಾಗುತ್ತದೆ. ಪುರವೆಂದರೆ ಕನ್ನಡದಲ್ಲಿ ಊರು. ಕೀರ್ತಿಪುರ, ಕಿತ್ತಿಪುರ, ಕಿತ್ತೂರು! ಕಾವೇರಿಯೂ ಕಪಿನಿಯೂ ಹರಿಯುವ ನಾಡೆಂಬ ಪುನ್ನಾಟದ ವರ್ಣನೆಗೆ ಕಪಿನಿಯ, ಅಂದರೆ ಇದೇ ಕಪಿಲೆಯ, ದಡದ ಈ ಹಳ್ಳಿ ಸರಿಹೊಂದಿತು. 'ಪುನ್ನಾಟ ಹತ್ತು ಸಾವಿರ' ಎಂದು ಕರೆಸಿಕೊಂಡ ನಾಡಿನ ರಾಜಧಾನಿ ಎಚ್.ಡಿ. ಕೋಟೆಯ ಕಿತ್ತೂರೇ ಎಂದು ರೈಸ್ ಬರೆದರು. ಪಂಡಿತರ ತರ್ಕ ದೊಡ್ಡದು, ಒಪ್ಪುತ್ತೇನೆ. ಆದರೆ ನೇಗಿಲು ಹಿಡಿದವರು, ದನ ಮೇಯಿಸಿದವರು ತಲೆಮಾರುಗಳ ಕಾಲ ಆ ಹೆಸರನ್ನು ಬಾಯಲ್ಲಿ ಉಳಿಸಿಕೊಳ್ಳದೆ ಹೋಗಿದ್ದರೆ ರೈಸರಿಗೆ ತರ್ಕಿಸಲು ಏನಿರುತ್ತಿತ್ತು?

1898ರಲ್ಲಿ ಹೊರಬಂದ ಎಪಿಗ್ರಾಫಿಯಾದ 4ನೇ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳಿವೆ. ಗಂಡನ ಸಾವು ಕೇಳಿ ಬೆಂಕಿ ಹೊಕ್ಕ ದೇಕಬ್ಬೆಯ ಬೆಳತೂರು ಶಾಸನ, 1057ನೇ ಇಸವಿಯದು, ಅದರಲ್ಲೇ ಇದೆ. ಗಡಿಯ ಕಾಡುಸೀಮೆ ಎಂದು ನಾವು ಬದಿಗೆ ಸರಿಸುವ ನೆಲ ಎಷ್ಟು ಹಳೆಯ ಬದುಕು ಕಂಡಿದೆ ಎಂದು ತಿಳಿಯಲು ಆ ಒಂದು ಸಂಪುಟ ಸಾಕು.

ಗುರುತಿಸಿ ನೂರು ವರ್ಷ ತುಂಬುವ ಮೊದಲೇ ಕಿತ್ತೂರು ನೀರಿನ ಪಾಲಾಯಿತು. ಬೀಚನಹಳ್ಳಿ ಬಳಿಯ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ಹಿನ್ನೀರು ಹಳ್ಳಿಗಳ ಮೇಲೆ ಹರಡಿಕೊಂಡಿತು. ಕಿತ್ತೂರಿನ ರಾಮೇಶ್ವರ ಗುಡಿಯೂ ಮುಳುಗಿತು. ಆ ನೀರಿನಿಂದ ಎಷ್ಟೋ ಗದ್ದೆಗಳು ಹಸುರಾಗಿವೆ, ಊರುಗಳು ಬಾಯಾರಿಕೆ ತೀರಿಸಿಕೊಂಡಿವೆ. ಅಣೆಕಟ್ಟು ಬೇಡವಾಗಿತ್ತು ಎಂದು ನಾನು ಹೇಳಲಾರೆ. ಮುಳುಗುವ ಮುನ್ನ ಊರಿನ ಕಲ್ಲು ಕಲ್ಲನ್ನೂ ನೋಡಿ ಬರೆದಿಡಬೇಕಿತ್ತು ಎಂದು ಮಾತ್ರ ಹೇಳುತ್ತೇನೆ.

ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಆ ಕಡೆ ಹೋಗುವವರಲ್ಲಿ ಒಂದು ಬೇಡಿಕೆ. ಅಕ್ಷರವಿರುವ ಕಲ್ಲೋ ವೀರಗಲ್ಲೋ ಕಂಡರೆ ಕೆರೆಯಬೇಡಿ, ಸುಣ್ಣ ಬಳಿಯಬೇಡಿ, ಕಿತ್ತು ತರಬೇಡಿ. ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು, ಮೈಸೂರಿನ ಪುರಾತತ್ವ ಇಲಾಖೆಗೆ ತಿಳಿಸಿ. ಮುಳುಗಡೆಯಾದ ಊರುಗಳಿಂದ ಎದ್ದುಬಂದ ಹಿರಿಯರು ನಿಮ್ಮ ನೆರೆಯಲ್ಲಿದ್ದರೆ ಅವರ ಪಕ್ಕ ಕೂತು ಹಳೆಯ ಊರಿನ ಹೊಲ, ಹಳ್ಳ, ಗುಡ್ಡ, ಗುಡಿಗಳ ಹೆಸರು ಕೇಳಿ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ.