ಕಾಲಡಿಯ ಹಲಗೆ: ತಪ್ಪು ಕಲ್ಪನೆ ಮತ್ತು ಸತ್ಯ

ಓಟ ಗೆದ್ದಾಗ ಹೊಗಳಿಕೆಯೆಲ್ಲ ಓಡಿಸಿದವರಿಗೆ, ಕೋಣಕ್ಕೆ, ಎತ್ತಿಗೆ. ಅವರು ಏರಿದ ಹಲಗೆ, ಗಾಡಿಗಳ ಮಾತು ಬರುವುದೇ ಇಲ್ಲ. ಆದರೆ ಮೈಭಾರವೂ ವೇಗವೂ ಎಲ್ಲಿ ಒತ್ತಬೇಕು ಎಂಬುದನ್ನು ಅವುಗಳ ಆಕಾರವೇ ತೀರ್ಮಾನಿಸುತ್ತದೆ.

ತಪ್ಪು ಕಲ್ಪನೆ: ಕೆಸರಿನಲ್ಲಿ ಕೋಣ ಓಡಿಸುವ ಕಂಬಳದ ಹಲಗೆಗಳೆಲ್ಲ ಒಂದೇ, ಬೇಗ ಓಡಿದವರಿಗೇ ಗೆಲುವು.

ಸತ್ಯ: ಅಡ್ಡಹಲಗೆ ವಿಭಾಗದಲ್ಲಿ ವೇಗವೇ ಮುಖ್ಯ. ಅಡ್ಡವಾಗಿ ಹರಡಿದ ಹಲಗೆ ನಿಂತವರ ಭಾರವನ್ನು ಹಂಚಿ, ಕೆಸರಿನಲ್ಲಿ ಹೂತುಹೋಗದೆ ಜಾರುತ್ತದೆ. ಕನೆಹಲಗೆಯ ಲೆಕ್ಕವೇ ಬೇರೆ. ಅದರಲ್ಲಿ ಎರಡು ತೂತುಗಳಿವೆ. ಹಲಗೆ ಮುಟ್ಟುವವರು, ಅಂದರೆ ಹಲಗೆ ಏರಿ ಓಡಿಸುವವರು, ಮೈಭಾರ ಊರಿದಂತೆ, ಕೋಣಗಳ ಓಟದ ರಭಸಕ್ಕೆ, ಅಡಿಯ ನೀರು ಆ ತೂತುಗಳಿಂದ ಮೇಲಕ್ಕೆ ಚಿಮ್ಮುತ್ತದೆ. ಓಟದ ಹಾದಿಯಾದ ಕರೆಯ ಮೇಲೆ 6.5 ಅಥವಾ 7.5 ಕೋಲು ಅಳತೆಯ ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ಹಾಯಿಸಿದವರಿಗೆ ಬಹುಮಾನ.

ತಪ್ಪು ಕಲ್ಪನೆ: ಕೆಸರಿನ ಬದಲು ಹಿಮದ ಮೇಲೆ ಜಾರುವ ಹಲಗೆಯಾದ ಸ್ನೋಬೋರ್ಡ್ ನೇರ ಅಂಚಿನ ಪಟ್ಟಿ, ತಿರುಗುವುದೆಲ್ಲ ಕಾಲಿನ ಚಳಕ.

ಸತ್ಯ: ಅದರ ನಡು ತುದಿಗಳಿಗಿಂತ ಕಿರಿದು, ಅಂಚು ಒಳಬಾಗಿರುತ್ತದೆ. ಓರೆ ಮಾಡಿ ಒತ್ತಿದಾಗ ಬೋರ್ಡ್ ಬಾಗಿ, ಅಂಚು ಹಿಮದಲ್ಲಿ ಕಮಾನು ಕೊರೆಯುತ್ತದೆ. ಒಳಬಾಗು ಹೆಚ್ಚಿದ್ದಷ್ಟೂ ತಿರುವು ಬಿಗಿ. ಅಗಲದ ಬೋರ್ಡ್ ಪುಡಿಹಿಮದಲ್ಲಿ ಚೆನ್ನಾಗಿ ತೇಲುತ್ತದೆ. ಆದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳಿಸಲು ಹೆಚ್ಚು ಸಮಯ ಬೇಕು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆ ಮೊದಲ ಬಾರಿ ಸೇರಿದಾಗ ಜೈಂಟ್ ಸ್ಲಾಲಂ ಮತ್ತು ಹಾಫ್‌ಪೈಪ್ ಎಂಬ ಎರಡು ಬಗೆಯ ಸ್ಪರ್ಧೆಗಳಿದ್ದವು. ಕಂಬಳದಲ್ಲಿ ಇರುವಂತೆ ಅಲ್ಲಿಯೂ ಒಂದೊಂದಕ್ಕೆ ಒಂದೊಂದು ಬಗೆಯ ಬೋರ್ಡ್.

ತಪ್ಪು ಕಲ್ಪನೆ: ಎತ್ತಿನ ಓಟದ ಗಾಡಿ ಹಗುರವಾಗಿದ್ದರೆ ಸಾಕು.

ಸತ್ಯ: ಕನ್ನಡ ಮಾತಾಡುವ ಕಪ್ಪಿಲಿಯರು ನೆಲೆಸಿರುವ ತಮಿಳುನಾಡಿನ ಕಂಬಂ ಕಣಿವೆಯಲ್ಲಿ, ತೇನಿಯ ಸುತ್ತಮುತ್ತ, ಎತ್ತಿನ ಗಾಡಿ ಓಟಗಳು ತೇನ್‌ಚಿಟ್ಟು, ಪೂಂಚಿಟ್ಟು, ನಡುಮಾಡು, ಪೆರಿಯಮಾಡು ಮುಂತಾದ ವಿಭಾಗಗಳಲ್ಲಿ ನಡೆಯುತ್ತವೆ. ಓಟದ ಗಾಡಿ ಹಗುರ, ನಿಜ. ಆದರೆ ಕುಳಿತವರ ಭಾರ ಅಚ್ಚಿನಿಂದ ಮುಂದೆ ಬಿದ್ದರೆ ನೊಗ ಹೆಗಲನ್ನು ಒತ್ತುತ್ತದೆ. ಹಿಂದೆ ಬಿದ್ದರೆ ನೊಗ ಮೇಲೆದ್ದು ಕೊರಳ ಹಗ್ಗ ಗಂಟಲಿಗೆ ಬಿಗಿಯುತ್ತದೆ. ಎರಡರಲ್ಲೂ ಎತ್ತಿಗೆ ನೋವು, ಓಟಕ್ಕೆ ಕುತ್ತು.

ಜಲ್ಲಿಕಟ್ಟು, ಕಂಬಳ, ಗಾಡಿ ಓಟಗಳಿಗೆ ಅವಕಾಶ ಕೊಟ್ಟ ರಾಜ್ಯಗಳ ತಿದ್ದುಪಡಿ ಕಾಯ್ದೆಗಳನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ಓಟಕ್ಕೆ ಅವಕಾಶ ಸಿಕ್ಕಿತೆಂದು ಎತ್ತಿನ ಕಾಳಜಿ ಬಿಡುವಂತಿಲ್ಲ; ಓಟಕ್ಕೆ ಇಳಿಸುವ ಮುನ್ನ ಗಾಡಿಯ ಸಮತೋಲ ನೋಡುವುದು ಯಜಮಾನರ ಹೊಣೆ. ಸಮತೋಲ ತಪ್ಪಿದರೆ ನೋವು ಉಣ್ಣುವುದು ಬಾಯಿಲ್ಲದ ಎತ್ತು.