ಕೂಸಿನ ಬೆಳವಣಿಗೆ ಮತ್ತು ಮನೆಯ ಮಾತು

ನಮ್ಮ ವಾಚನಾಲಯಕ್ಕೆ ಸಂಜೆ ಪತ್ರಿಕೆ ಓದಲು ಬರುವ ಬಾಂಧವರಲ್ಲಿ ಚಿಕ್ಕ ಮಕ್ಕಳುಳ್ಳವರು ಬಹಳ ಮಂದಿ. ಅವರ ಬಾಯಿಂದ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ: "ಕೂಸಿಗೆ ಎರಡು ವರುಷ ಆಗುತ್ತ ಬಂತು, ಮಾತು ಇನ್ನೂ ಸರಿಯಾಗಿ ಬಂದಿಲ್ಲ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಬಾಜಾರದಲ್ಲಿ ಹಿಂದಿ. ಮೂರರ ನಡುವೆ ಅದು ತಬ್ಬಿಬ್ಬಾಗಿದೆ. ಕನ್ನಡ ಬಿಟ್ಟು ಇಲ್ಲಿಯ ಭಾಷೆಯನ್ನೇ ಆಡಿಸಿರಿ ಎಂದು ನೆರೆಯವರು ಹೇಳುತ್ತಾರೆ. ಏನು ಮಾಡುವುದು?" ಕೆಲವರು ಕೇಳುವುದಕ್ಕೂ ನಿಲ್ಲದೆ ಬಿಟ್ಟೇ ಬಿಟ್ಟಿದ್ದಾರೆ. ಉತ್ತರವನ್ನು ಮೊದಲೇ ಹೇಳುತ್ತೇನೆ: ಬಿಡಬೇಕಾಗಿಲ್ಲ. ಮನೆಮಾತು ಕೂಸಿನ ನಾಲಗೆಯನ್ನು ಕಟ್ಟುವುದಿಲ್ಲ. ಏಕೆಂಬುದು ತಿಳಿಯಬೇಕಾದರೆ ಮೊದಲ ಐದಾರು ವರುಷಗಳಲ್ಲಿ ಕೂಸಿನ ಮೈ, ಬುದ್ಧಿ, ಒಡನಾಟ ಇವು ಹೇಗೆ ಒಟ್ಟಿಗೆ ಬೆಳೆಯುತ್ತವೆ ಎಂಬುದನ್ನು ಸ್ವಲ್ಪ ನೋಡಬೇಕು.

ಮೈಯ ಬೆಳವಣಿಗೆ ಕಣ್ಣಿಗೆ ಕಾಣುವಂಥದು, ತಕ್ಕಡಿಗೆ ಸಿಗುವಂಥದು. ಹುಟ್ಟಿದಾಗ ಸುಮಾರು ಮೂರು ಕಿಲೋ ಇದ್ದ ಕೂಸು ಐದಾರು ತಿಂಗಳಿಗೆ ಅದರ ಎರಡರಷ್ಟು, ವರುಷ ತುಂಬುವಾಗ ಮೂರರಷ್ಟು ತೂಗುತ್ತದೆ. ೫೦ ಸೆಂಟಿಮೀಟರಿನ ಉದ್ದ ವರುಷಕ್ಕೆ ೭೫ ಆಗಿ, ನಾಲ್ಕು ವರುಷದ ಹೊತ್ತಿಗೆ ಸುಮಾರು ೧೦೦ಕ್ಕೆ ಮುಟ್ಟುತ್ತದೆ. ಮಿದುಳಿನ ಓಟ ಇದಕ್ಕಿಂತಲೂ ಚುರುಕು. ಹುಟ್ಟುವಾಗ ದೊಡ್ಡವರ ಮಿದುಳಿನ ಕಾಲುಭಾಗದಷ್ಟಿದ್ದದ್ದು ಎರಡು ವರುಷಕ್ಕೆ ಮುಕ್ಕಾಲು ಭಾಗ, ಐದಾರು ವರುಷಕ್ಕೆ ನೂರಕ್ಕೆ ತೊಂಬತ್ತರಷ್ಟು ಆಗಿಬಿಡುತ್ತದೆ. ನೆತ್ತಿಯ ಮೆತ್ತನೆಯ ಜಾಗ ಒಂದೂವರೆ ವರುಷದವರೆಗೂ ಪೂರ್ತಿ ಮುಚ್ಚದೆ ಉಳಿದು ಈ ಬೆಳವಣಿಗೆಗೆ ಎಡೆ ಕೊಡುತ್ತದೆ. ಇಷ್ಟು ಅವಸರದ ಕೆಲಸ ಮುಂದೆ ಆಯುಷ್ಯದಲ್ಲಿ ಮತ್ತೆಂದೂ ಮಿದುಳಿಗೆ ಬೀಳುವುದಿಲ್ಲ.

ಕತ್ತು ನಿಲ್ಲುವುದು, ಬೋರಲು ಬೀಳುವುದು, ಕೂಡುವುದು, ಅಂಬೆಗಾಲಿಡುವುದು, ಹಿಡಿದು ನಿಲ್ಲುವುದು, ನಡೆಯುವುದು ಇವೆಲ್ಲ ಹೆಚ್ಚುಕಡಮೆ ಒಂದರ ಹಿಂದೊಂದು ಬರುತ್ತವೆ. ತಾರೀಖು ಮಾತ್ರ ಕೂಸಿನಿಂದ ಕೂಸಿಗೆ ಬೇರೆ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆಯವರು ೨೦೦೬ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆಸರೆಯಿಲ್ಲದೆ ಕೂಡುವುದಕ್ಕೆ ಸುಮಾರು ನಾಲ್ಕರಿಂದ ಒಂಬತ್ತು ತಿಂಗಳ ಅವಧಿ ಇದೆ. ತಾನಾಗಿ ನಡೆಯುವುದಕ್ಕೆ ಎಂಟರಿಂದ ಹದಿನೇಳೂವರೆ ತಿಂಗಳು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡದೆ ನೇರವಾಗಿ ಎದ್ದು ನಡೆದವು. ಆದುದರಿಂದ ಪಕ್ಕದ ಖೋಲಿಯ ಕೂಸು ಹತ್ತು ತಿಂಗಳಿಗೆ ನಡೆಯಿತೆಂದು ನಮ್ಮ ಕೂಸಿನ ಕಾಲನ್ನು ಅನುಮಾನದಿಂದ ನೋಡಬೇಕಾದುದಿಲ್ಲ. ಬೇಗ ನಡೆಯಲೆಂದು ಪೇಟೆಯಿಂದ ತಂದು ಕೂಸನ್ನು ಒಳಗೆ ಕೂರಿಸುವ ಚಕ್ರದ ವಾಕರು ನಡಿಗೆಯನ್ನು ಕಲಿಸುವುದಿಲ್ಲ. ಮೆಟ್ಟಿಲಿನಿಂದ ಉರುಳಿಸಿ ಪೆಟ್ಟು ಮಾಡುವುದುಂಟು. ಕೆನಡಾ ದೇಶದಲ್ಲಿ ೨೦೦೪ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ. ಇಲ್ಲಿಯವರು ಪಾಂಗುಳಗಾಡಾ ಎಂದು ಕರೆಯುವ ಮೂರು ಗಾಲಿಯ ಮರದ ಗಾಡಿಯ ಮಾತು ಬೇರೆ. ಅದನ್ನು ಕೂಸು ತನ್ನ ಕಾಲ ಮೇಲೆ ತಾನೇ ನಿಂತು ತಳ್ಳಬೇಕು.

ಊಟದ ವಿಷಯ ನಮ್ಮ ಹೆಂಗಸರಿಗೆ ಚೆನ್ನಾಗಿಯೇ ತಿಳಿದಿದೆ. ನಾಗಪುರಕ್ಕೆ ಸಂಬಂಧಿಸಿದ ಒಂದೆರಡು ಮಾತಷ್ಟೇ ಹೇಳುತ್ತೇನೆ. ಇಲ್ಲಿಯ ಮೇ ತಿಂಗಳ ಬಿಸಿಲು ೪೫ ಡಿಗ್ರಿಗೆ ಏರಿದಾಗ ಎಳೆಗೂಸಿಗೆ ನೀರು ಕುಡಿಸಬೇಕೆಂದು ಎಲ್ಲರಿಗೂ ತೋರುತ್ತದೆ. ಆರು ತಿಂಗಳು ತುಂಬುವ ತನಕ ಅದು ಬೇಡ. ಎಂಥ ಸೆಕೆಯಲ್ಲಿಯೂ ತಾಯ ಹಾಲಿನಲ್ಲಿ ಸಾಕಷ್ಟು ನೀರಿರುತ್ತದೆ. ಸೆಕೆಯಲ್ಲಿ ಹೆಚ್ಚು ಸಲ ಹಾಲೂಡಿಸಬೇಕು, ತಾಯಿ ಹೆಚ್ಚು ನೀರು ಕುಡಿಯಬೇಕು. ಆರು ತಿಂಗಳಾದ ಮೇಲೆ ಹಾಲಿನ ಜತೆಗೆ ಅನ್ನ-ಬೇಳೆ, ರಾಗಿ ಸರಿ. ರಾಗಿ ಇಲ್ಲಿ ನಾಚಣಿ ಎಂಬ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುತ್ತದೆ.

ಇನ್ನು ಬುದ್ಧಿ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಎಂಬ ಪಂಡಿತರು ತಮ್ಮ ಮೂವರು ಮಕ್ಕಳನ್ನೇ ಎಳವೆಯಿಂದ ಗಮನಿಸಿ ಬಹಳ ಸಂಗತಿಗಳನ್ನು ಬರೆದಿಟ್ಟರು. ಅವುಗಳಲ್ಲೊಂದನ್ನು ನಾವು ಮನೆಯಲ್ಲಿಯೇ ಮಾಡಿ ನೋಡಬಹುದು. ಐದು ತಿಂಗಳ ಕೂಸಿನ ಮುಂದೆ ಬೀಗದ ಕೈಗೊಂಚಲನ್ನು ಆಡಿಸಿ, ಅದು ನೋಡುತ್ತಿರುವಾಗಲೇ ಮೇಲೆ ಬಟ್ಟೆ ಮುಚ್ಚಿರಿ. ಸಾಮಾನ್ಯವಾಗಿ ಅದು ಬಟ್ಟೆಯನ್ನು ಸರಿಸಿ ಹುಡುಕುವುದಿಲ್ಲ. ಎಂಟೊಂಬತ್ತು ತಿಂಗಳಾದ ಮೇಲೆ ಅದೇ ಕೂಸು ಬಟ್ಟೆಯನ್ನು ಎಳೆದೊಗೆದು ಕೈಗೊಂಚಲನ್ನು ಎತ್ತಿಕೊಳ್ಳುತ್ತದೆ. ಕಣ್ಮರೆಯಾದದ್ದು ಇಲ್ಲವಾಗಲಿಲ್ಲ ಎಂಬ ತಿಳಿವು ಅದಕ್ಕೆ ಬಂದಿದೆ. ಹೆಚ್ಚುಕಡಮೆ ಅದೇ ತಿಂಗಳುಗಳಲ್ಲಿ ತಾಯಿ ಎದ್ದು ಹೊರಗೆ ಹೋದರೆ ಅಳು, ಹೊಸ ಮುಖ ಕಂಡರೆ ಅಳು ಶುರುವಾಗುತ್ತದೆ. ರಜೆಯಲ್ಲಿ ಊರಿಗೆ ಹೋದಾಗ ಕೂಸು ಅಜ್ಜಿಯ ಕೈಗೆ ಹೋಗಲೊಲ್ಲದೆ ಕಿರುಚಿದರೆ ಅಜ್ಜಿಗೆ ನೋವಾಗುತ್ತದೆ. ಆದರೆ ಅದು ಹಟವಲ್ಲ, ತನ್ನವರು ಯಾರು ಎಂಬ ಬುದ್ಧಿ ಬಂದುದರ ಗುರುತು. ಸೆರಗಿನಿಂದ ಮುಖ ಮುಚ್ಚಿ ತೆಗೆಯುವ ನಮ್ಮ ಹಳೆಯ ಆಟ ಇದೇ ಪಾಠವನ್ನು ನಗಿಸುತ್ತ ಹೇಳಿಕೊಡುತ್ತದೆ.

ಮಾತು ಹುಟ್ಟುವುದಂತೂ ಬಾಯಿ ತೆರೆಯುವುದಕ್ಕೆ ಬಹಳ ಮೊದಲು. ಹೊಟ್ಟೆಯೊಳಗಿರುವಾಗಲೇ ಕಿವಿ ಕೆಲಸ ಮಾಡುತ್ತದೆ. ಹುಟ್ಟಿ ಮೂರು ದಿನ ಆಗುವುದರೊಳಗೆ ಕೂಸು ತಾಯಿಯ ದನಿಯನ್ನು ಬೇರೆ ಹೆಂಗಸಿನ ದನಿಯಿಂದ ಬೇರ್ಪಡಿಸುತ್ತದೆ. ಕೆನಡಾದ ಜಾನೆಟ್ ವರ್ಕರ್ ಎಂಬುವರು ೧೯೮೪ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಮಗೆ ಬಹಳ ಹತ್ತಿರದ್ದು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಸದ್ದುಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡರ ಭೇದವನ್ನು ಸಲೀಸಾಗಿ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಅಂಥ ಮನೆಗಳ ಹೆಚ್ಚಿನ ಕೂಸುಗಳಿಗೆ ಆ ಭೇದ ಕೇಳಿಸದಾಯಿತು. ಹಿಂದಿ ಮನೆಯ ಕೂಸುಗಳಿಗೆ ಮಾತ್ರ ಉಳಿದಿತ್ತು. ಎಂದರೆ ಕೂಸು ಎಲ್ಲ ಭಾಷೆಗಳಿಗೂ ಕಿವಿ ತೆರೆದುಕೊಂಡು ಹುಟ್ಟುತ್ತದೆ. ಸುತ್ತಲಿನವರು ಆಡದ ಸದ್ದನ್ನು ವರುಷದೊಳಗೆ ಬದಿಗೆ ಸರಿಸತೊಡಗುತ್ತದೆ. (ನಮ್ಮ 'ಳ'ಕಾರದ ಬಗ್ಗೆ ಇಲ್ಲಿ ಅಷ್ಟು ಚಿಂತೆ ಬೇಡ. ಹಿಂದಿಯಲ್ಲಿ ಅದು ಇಲ್ಲದಿದ್ದರೂ ಮರಾಠಿಯಲ್ಲಿ ಗಟ್ಟಿಯಾಗಿಯೇ ಇದೆ.)

ಹಾಗಾದರೆ ಮೊಬೈಲಿನಲ್ಲಿ ಕನ್ನಡದ ಹಾಡು ಹಚ್ಚಿಕೊಟ್ಟರೆ ಸಾಕಲ್ಲವೆ ಎಂದು ಕೇಳಬಹುದು. ಸಾಲದು. ಅಮೆರಿಕದ ಪೆಟ್ರಿಸಿಯಾ ಕೂಲ್ ಮತ್ತು ಜತೆಯವರು ೨೦೦೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಒಂದು ಗುಂಪಿನೊಡನೆ ಚೀನೀ ಭಾಷೆಯವರು ೧೨ ಸಲ, ಪ್ರತಿ ಸಲ ಸುಮಾರು ೨೫ ನಿಮಿಷ, ಎದುರು ಕುಳಿತು ಓದಿ ಆಡಿದರು. ಇನ್ನೊಂದು ಗುಂಪಿಗೆ ಅದೇ ಜನ, ಅದೇ ಮಾತು ಟೆಲಿವಿಷನ್ ಪರದೆಯ ಮೇಲೆ. ಮೊದಲ ಗುಂಪು ಚೀನೀ ಸದ್ದುಗಳನ್ನು ಕಲಿಯಿತು. ಎರಡನೆಯದು ಏನೂ ಕಲಿಯಲಿಲ್ಲ. ಕೂಸು 'ಆಂ' ಅಂದರೆ ಪರದೆ ಅದರ ಕಡೆ ತಿರುಗಿ 'ಏನೋ ಪುಟ್ಟಾ' ಎನ್ನುವುದಿಲ್ಲವಷ್ಟೆ. ಎರಡು ವರುಷದ ಕೆಳಗಿನ ಮಕ್ಕಳಿಗೆ ಪರದೆ ಬೇಡ, ಎರಡರಿಂದ ನಾಲ್ಕು ವರುಷದವರಿಗೆ ದಿನಕ್ಕೆ ಒಂದು ಗಂಟೆಗೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೇಳಿದೆ. ಊರಿನ ಅಜ್ಜಿಯೊಡನೆ ಮುಖ ನೋಡಿ ಮಾತಾಡುವ ಕರೆ ಈ ಲೆಕ್ಕದಲ್ಲಿ ಬಾರದು. ಅಜ್ಜಿ ಕೂಸಿಗೆ ಉತ್ತರ ಕೊಡುತ್ತಾಳೆ.

ನಮ್ಮ ಪರಸ್ಥಳದ ಬಾಳಿನಲ್ಲಿ ತೊಡಕು ಇರುವುದೇ ಇಲ್ಲಿ ಎಂದು ನನಗೆ ತೋರುತ್ತದೆ. ಊರಿನಲ್ಲಿ ಕೂಸು ಹುಟ್ಟಿದರೆ ಅಜ್ಜಿ, ಸೋದರತ್ತೆ, ದೊಡ್ಡವ್ವ, ಓಣಿಯ ಹುಡುಗಿಯರು, ಕಟ್ಟೆಯ ಮೇಲಿನ ಮುದುಕರು, ಎಲ್ಲರೂ ಅದನ್ನು ಎತ್ತಿ ಇಳಿಸಿ ಮಾತಾಡಿಸುವವರೇ. ಇಲ್ಲಿ ಒಂದು ಖೋಲಿ. ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಹಗಲು ಮಲಗಿರುತ್ತಾನೆ. ಸದ್ದಾಗಬಾರದೆಂದು ತಾಯಿ ಕೂಸಿನ ಕೈಗೆ ಮೊಬೈಲು ಕೊಟ್ಟು ಅಡಿಗೆಗೆ ಕೂಡುತ್ತಾಳೆ. ನೆರೆಯವರ ಭಾಷೆ ತನಗೆ ಸರಿಯಾಗಿ ಬಾರದೆಂದು ಅವಳೂ ಹೊರಗೆ ಹೆಚ್ಚು ಮಾತಾಡುವುದಿಲ್ಲ. ಅವಳನ್ನು ದೂರುವುದು ನ್ಯಾಯವಲ್ಲ. ಆದರೆ ಅಂಥ ಮನೆಯಲ್ಲಿ ಕೂಸಿಗೆ ಮಾತು ತಡವಾದರೆ ಅದಕ್ಕೆ ಭಾಷೆ ಮೂರಾದುದು ಕಾರಣವಲ್ಲ. ಆಡುವ ಮಾತೇ ಕಡಮೆಯಾಗಿದೆ.

ಅಂಥ ತಾಯಿ ಕನ್ನಡವನ್ನೂ ಬಿಟ್ಟರೆ ಉಳಿಯುವುದೇನು? ಬರುವಷ್ಟು ಹಿಂದಿಯಲ್ಲಿ 'ಬೈಠೋ', 'ಖಾಓ', 'ಚುಪ್' ಎಂಬ ನಾಲ್ಕು ಅಪ್ಪಣೆ. ತನ್ನ ಮಾತಿನಲ್ಲಿಯಾದರೆ ಅವಳು ಕತೆ ಹೇಳಬಲ್ಲಳು, ಚೇಷ್ಟೆ ಮಾಡಬಲ್ಲಳು, ಕಾಗೆ ಏಕೆ ಬಂತು, ಅಪ್ಪ ಎಲ್ಲಿಗೆ ಹೋದ ಎಂದು ಮಾತು ಬೆಳೆಸಬಲ್ಲಳು. ಎರಡು ಭಾಷೆಯ ಮನೆಯ ಮಕ್ಕಳಿಗೆ ಒಂದೊಂದು ಭಾಷೆಯಲ್ಲಿ ಶಬ್ದ ಕೊಂಚ ಕಡಮೆ ಇರಬಹುದು. ಎರಡನ್ನೂ ಕೂಡಿಸಿ ಎಣಿಸಿದರೆ ಒಂದು ಭಾಷೆಯ ಮಕ್ಕಳಿಗೆ ಹೆಚ್ಚುಕಡಮೆ ಸರಿಸಮ. ಮೊದಲ ಶಬ್ದ ಬರುವ ವಯಸ್ಸೂ ಅದೇ. ಕೂಸು 'ಪಾಣಿ ಬೇಕು' ಎಂದಿತೆಂದು ಗಾಬರಿಪಡಬೇಡಿರಿ. ಮರಾಠಿಯ ಶಬ್ದವನ್ನು ಕನ್ನಡದ ವಾಕ್ಯದಲ್ಲಿ ತಪ್ಪಿಲ್ಲದೆ ಕೂರಿಸಿದೆ. ಅದು ಗೊಂದಲವಲ್ಲ, ಜಾಣತನ. 'ಅಪ್ಪ ಬಂತು' ಎಂದರೂ ಅಷ್ಟೆ. 'ಬಂತು' ಎಂಬ ಒಂದು ರೂಪವನ್ನು ಹಿಡಿದು ಎಲ್ಲ ಕಡೆ ಹಚ್ಚಿ ನೋಡುತ್ತಿದೆ. ಗದರಿಸದೆ 'ಹೌದು, ಅಪ್ಪ ಬಂದರು' ಎಂದು ಸರಿಯಾದುದನ್ನು ಆಡಿ ಮುಂದೆ ಹೋದರೆ ಸಾಕು.

ಇದಕ್ಕೆ ಬೇರೆ ಹೊತ್ತು ಬೇಕಾಗಿಲ್ಲ. ಎರೆಯುವಾಗ ಕೈ ಇದು, ಕಾಲು ಇದು ಎನ್ನುವುದು, ಕಾಳು ಆರಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತ ಹೋಗುವುದು, ಕೂಸು ಬೆರಳು ತೋರಿಸಿದ ಕಡೆ ತಾನೂ ನೋಡಿ ಅದರ ಹೆಸರು ಹೇಳುವುದು, ಹೇಳಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು ಅದರ ಉತ್ತರಕ್ಕೆ ಕಾಯುವುದು. ಗಂಡಸರು ಪಾಳಿಗೆ ಹೊರಡುವ ಮುಂಚೆ ಅರ್ಧ ಗಂಟೆ ಕೂಸನ್ನು ತೊಡೆಯ ಮೇಲೆ ಹಾಕಿಕೊಳ್ಳಬಹುದು; ಪತ್ರಿಕೆಯನ್ನು ವಾಚನಾಲಯದಲ್ಲಿ ಓದಿಕೊಳ್ಳೋಣ. ಆಟಿಕೆಗೂ ಪಗಾರ ಮುರಿಯಬೇಕಿಲ್ಲ. ಜಮೈಕಾ ದೇಶದ ಕಿಂಗ್‌ಸ್ಟನ್ ಪಟ್ಟಣದಲ್ಲಿ ೧೯೮೬-೮೭ರಲ್ಲಿ, ಬಡತನದಲ್ಲಿ ಬೆಳವಣಿಗೆ ಕುಂಠಿತವಾದ ೧೨೯ ಕೂಸುಗಳನ್ನು ಆರಿಸಿದರು. ಅವರಲ್ಲಿ ಕೆಲವರ ಮನೆಗಳಿಗೆ ಎರಡು ವರುಷ ವಾರಕ್ಕೊಮ್ಮೆ ಕಾರ್ಯಕರ್ತೆಯರು ಹೋಗಿ, ಮನೆಯಲ್ಲಿಯೇ ಮಾಡಬಹುದಾದ ಆಟಿಕೆಗಳಿಂದ ಆಡಿಸುವುದನ್ನೂ ಮಾತಾಡಿಸುವುದನ್ನೂ ತಾಯಂದಿರಿಗೆ ತೋರಿಸಿಕೊಟ್ಟರು. ಆ ಮಕ್ಕಳು ಇಪ್ಪತ್ತೆರಡರ ಹರೆಯಕ್ಕೆ ಬಂದಾಗ ವಿಚಾರಿಸಿದರೆ, ಹೀಗೆ ಆಡಿಸಿಕೊಂಡವರ ಗಳಿಕೆ ಉಳಿದವರಿಗಿಂತ ಸುಮಾರು ನೂರಕ್ಕೆ ೨೫ರಷ್ಟು ಹೆಚ್ಚಾಗಿತ್ತು. ಖಾಲಿ ಡಬ್ಬಿ, ಮುಚ್ಚಳ, ತೊಳೆದ ಬಾಬಿನ್ನು, ಬಟ್ಟೆಯ ಗೊಂಬೆ ಇವಿಷ್ಟೇ ಸಾಕು. ಬಾಯೊಳಗೆ ಪೂರ್ತಿ ಹೋಗುವಷ್ಟು ಸಣ್ಣದು ಮಾತ್ರ ಬೇಡ.

ಒಡನಾಟವೂ ಮೆಲ್ಲಗೆ ಬೆಳೆಯುವ ಬೆಳೆ. ಆರೆಂಟು ವಾರಕ್ಕೆ ಮುಖ ನೋಡಿ ನಗುವುದೇ ಅದರ ಮೊಳಕೆ. ಎರಡು ವರುಷದವರು ಪಕ್ಕಪಕ್ಕದಲ್ಲಿ ಕುಳಿತು ತಮ್ಮ ತಮ್ಮ ಆಟ ಆಡುತ್ತಾರೆ; ಕೂಡಿ ಆಡುವುದು, ಸರದಿ ಕಾಯುವುದು ಮೂರು-ನಾಲ್ಕು ವರುಷದ ಮೇಲಿನ ಸಂಗತಿ. ಎರಡು ವರುಷದ ಕೂಸು ತನ್ನ ಚೆಂಡನ್ನು ಬೇರೆಯವರಿಗೆ ಕೊಡಲಿಲ್ಲವೆಂದು ಹೊಡೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದಕ್ಕೆ ಇನ್ನೂ ಬಾರದ ವಿದ್ಯೆ ಅದು.

ಈ ಒಡನಾಟಕ್ಕೆ ನಮ್ಮ ಕೈಗೆಟಕುವ ಸ್ಥಳ ಅಂಗನವಾಡಿ. ಈ ಹೆಸರಿನ ಬೇರು ಮಹಾರಾಷ್ಟ್ರದಲ್ಲಿಯೇ ಇದೆ. ೧೯೪೫ರಲ್ಲಿ ತಾರಾಬಾಯಿ ಮೋಡಕರು ಬೋರ್ಡಿ ಎಂಬ ಊರಿನಲ್ಲಿ ಬಡವರ ಮಕ್ಕಳಿಗಾಗಿ ಬಾಲವಾಡಿ ನಡೆಸಹೋದಾಗ, ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ಅನುತಾಯಿ ವಾಘರೊಡನೆ ಅಂಗಳದ ಬಾಲವಾಡಿಗಳನ್ನು ನಡೆಸಿದರು. ಆ ವರುಷವೇ ನಮಗೆ ಸಮೀಪದ ಸೇವಾಗ್ರಾಮದಲ್ಲಿ ಗಾಂಧೀಜಿಯವರ ನಯೀ ತಾಲೀಮ್ ಏಳು ವರುಷದ ಕೆಳಗಿನ ಮಕ್ಕಳನ್ನೂ ಒಳಗೊಂಡಿತು. ಸರಕಾರದ ಅಂಗನವಾಡಿ ಯೋಜನೆ ೧೯೭೫ನೆಯ ಅಕ್ಟೋಬರ್ ೨ರಂದು ದೇಶದ ೩೩ ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದುದು ತಿರುಮಕೂಡಲು ನರಸೀಪುರಕ್ಕೆ. ತೂಕ ನೋಡುವುದು, ಚುಚ್ಚುಮದ್ದು ಹಾಕಿಸುವುದು, ಪೂರಕ ಆಹಾರ, ಮೂರರಿಂದ ಆರು ವರುಷದವರಿಗೆ ಆಟಪಾಠ ಇವೆಲ್ಲ ಅಲ್ಲಿವೆ. ಅಲ್ಲಿ ಮರಾಠಿ ಆಡುತ್ತಾರೆಂದು ಕೆಲವರು ಹಿಂಜರಿಯುತ್ತಾರೆ. ಕಳುಹಿಸಿರಿ. ಮರಾಠಿಯನ್ನು ಕೂಸು ಮರಾಠಿ ಆಡುವವರಿಂದ ಕಲಿಯಲಿ, ಕನ್ನಡವನ್ನು ನಮ್ಮಿಂದ.

ಇಷ್ಟಾದರೂ ಮಾತು ಬಾರದಿದ್ದರೆ? ಭಾಷೆಯ ಮೇಲೆ ತಪ್ಪು ಹೊರಿಸಿ ಕಾಯಬಾರದು. ಬಜೆ ತೇಯ್ದು ನೆಕ್ಕಿಸುತ್ತ ಕೂಡಲೂಬಾರದು. ಮೊದಲು ಕಿವಿ ಪರೀಕ್ಷಿಸಬೇಕು. ಸಾವಿರ ಕೂಸುಗಳಲ್ಲಿ ಒಂದೆರಡು ಹುಟ್ಟಿನಿಂದಲೇ ಕಿವಿ ಕೇಳದವು. ಅಂಥವೂ ಮೊದಲ ಕೆಲವು ತಿಂಗಳು ಸದ್ದು ಮಾಡಿ ಕೇಕೆ ಹಾಕುವುದರಿಂದ ತಾಯಿಗೆ ಗೊತ್ತಾಗುವುದಿಲ್ಲ. ಮಲಗಿದ ಕೂಸಿನ ಕಿವಿಯಲ್ಲಿ ಸಣ್ಣ ಸಾಧನವೊಂದನ್ನಿಟ್ಟು ಕೆಲವೇ ನಿಮಿಷಗಳಲ್ಲಿ ನೋಡುವ ಪರೀಕ್ಷೆ ಇದೆ, ನೋವಿಲ್ಲ. ತಿಂಗಳೊಳಗೆ ಈ ಪರೀಕ್ಷೆ, ದೋಷ ಕಂಡರೆ ಮೂರು ತಿಂಗಳೊಳಗೆ ನಿಶ್ಚಯ, ಆರು ತಿಂಗಳೊಳಗೆ ಚಿಕಿತ್ಸೆ ಆಗಬೇಕೆಂದು ತಜ್ಞರು ಹೇಳುತ್ತಾರೆ. ನಮ್ಮಲ್ಲಿ ಮೆಡಿಕಲ್ ಮತ್ತು ಮೇಯೋ ಎಂದು ಕರೆಯುವ ಸರಕಾರಿ ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಬಹುದು. ಊರಿಗೆ ಹೋದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕೂಸಿನ ಮಾತನ್ನು ಕನ್ನಡದಲ್ಲಿಯೇ ಪರೀಕ್ಷಿಸುತ್ತಾರೆ.

ವರುಷವಾದರೂ 'ಬಬ', 'ದದ' ಎನ್ನದಿದ್ದರೆ, ಬೆರಳು ತೋರಿಸದಿದ್ದರೆ; ಒಂದೂವರೆ ವರುಷಕ್ಕೆ ಒಂದು ಶಬ್ದವೂ ಇಲ್ಲದಿದ್ದರೆ; ಎರಡು ವರುಷಕ್ಕೆ 'ಅವ್ವ ಬಾ' ಎಂಬಂತೆ ಎರಡು ಶಬ್ದ ಕೂಡಿಸದಿದ್ದರೆ; ಹದಿನೆಂಟು ತಿಂಗಳಿಗೂ ನಡೆಯದಿದ್ದರೆ; ಯಾವ ವಯಸ್ಸಿನಲ್ಲಾದರೂ ಬಂದಿದ್ದ ಮಾತು, ಆಟ, ನೋಟ ಹಿಂದಕ್ಕೆ ಹೋದರೆ ತಡಮಾಡದೆ ತೋರಿಸಬೇಕು. ಹೋಗುವ ಮುಂಚೆ ಒಂದು ವಾರ ಕೂಸು ಆಡುವ ಶಬ್ದಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಳ್ಳಿರಿ, 'ಹಪ್ಪು', 'ಜೋ', 'ಬೌಬೌ' ಸಹಿತ. ಇಲ್ಲಿಯ ವೈದ್ಯರು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಕೇಳಿ, ಕೂಸಿಗೆ ಐದೇ ಶಬ್ದ ಬರುತ್ತದೆಂದು ಬರೆದುಕೊಂಡಾರು. ಕನ್ನಡದ ಮೂವತ್ತು ಶಬ್ದಗಳು ಆ ಕಾಗದದಲ್ಲಿದ್ದರೆ, ಅವನ್ನೂ ಲೆಕ್ಕಕ್ಕೆ ಸೇರಿಸಿರೆಂದು ಹೇಳಬೇಕು.